ಅಡಿ ಲೆಕ್ಕ, ಮೀನಿನ ಲೆಕ್ಕ

ಮುಂಗಾರು ಕಾಲಿಟ್ಟಿತೆಂದರೆ ನಮ್ಮ ಪತ್ರಿಕೆಗಳಲ್ಲಿ ಜಲಾಶಯಗಳ ಪಟ್ಟಿ ಶುರುವಾಗುತ್ತದೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೆಆರ್‌ಎಸ್ 124.80 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಎಂದು ಮಂಡ್ಯದ ರೈತರು ಲೆಕ್ಕ ಹಾಕುತ್ತಾರೆ. ಅದೇ ಸಾಲನ್ನು ಬೆಂಗಳೂರಿನವರು ಕುಡಿಯುವ ನೀರಿನ ಚಿಂತೆಯಲ್ಲಿ ಓದುತ್ತಾರೆ. ಶಿವಮೊಗ್ಗದವರ ಕಣ್ಣು ಲಿಂಗನಮಕ್ಕಿಯ 1,819 ಅಡಿಯ ಮೇಲೆ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲೂ ಜನರ ಬಾಯಲ್ಲಿ ಹೀಗೆಯೇ ಓಡಾಡುವ ಒಂದು ಸಂಖ್ಯೆಯಿದೆ: 1,071. ಅಟ್ಲಾಂಟಾ ನಗರದ ಉತ್ತರಕ್ಕಿರುವ ಲೇಕ್ ಲೇನಿಯರ್ ಜಲಾಶಯದ ಬೇಸಿಗೆಯ ಪೂರ್ಣ ಮಟ್ಟವದು. ಆಲ್ಫರೆಟಾ, ಕಮ್ಮಿಂಗ್, ಜಾನ್ಸ್ ಕ್ರೀಕ್‌ಗಳಲ್ಲಿ ಮನೆ ಮಾಡಿರುವ ಕನ್ನಡಿಗರ ನಲ್ಲಿಯಲ್ಲೂ ಈ ಜಲಾಶಯದ ಅಥವಾ ಅದರಿಂದ ಹೊರಟ ಚಟಾಹೂಚಿ ನದಿಯ ನೀರೇ ಬರುತ್ತದೆ. ಆದರೆ ಈ ಸಂಖ್ಯೆಯನ್ನು ಇವರೆಲ್ಲರಿಗಿಂತ ಶ್ರದ್ಧೆಯಿಂದ, ಮಳೆಗಾಲ ಬೇಸಿಗೆ ಎನ್ನದೆ ವರ್ಷವಿಡೀ ನೋಡುವ ಇನ್ನೊಂದು ಗುಂಪಿದೆ. ಅವರು ಬಾಸ್ ಮೀನಿಗೆ ಗಾಳ ಹಾಕುವವರು.

ಅವರು ನೋಡುವ ರೀತಿಯೂ ಬೇರೆ. ಇವತ್ತಿನ ಮಟ್ಟ ಎಷ್ಟು ಎಂಬುದು ಅವರಿಗೆ ಅರ್ಧ ಸುದ್ದಿ ಮಾತ್ರ. ಕಳೆದ ವಾರ ಎಷ್ಟಿತ್ತು, ಏರುತ್ತಿದೆಯೋ ಇಳಿಯುತ್ತಿದೆಯೋ, ಯಾವ ವೇಗದಲ್ಲಿ ಎಂಬುದು ಉಳಿದರ್ಧ. ನೀರಿನೊಳಗಿನ ಜೀವಕ್ಕೆ ಮುಖ್ಯವಾದದ್ದೂ ಈ ಉಳಿದರ್ಧವೇ.

ತುಂಬಿದರೂ ತುಂಬದ ಕೆರೆ

ಲೇನಿಯರ್ ನೈಸರ್ಗಿಕ ಸರೋವರವಲ್ಲ. ಚಟಾಹೂಚಿ ನದಿಗೆ 1950ರ ದಶಕದಲ್ಲಿ ಕಟ್ಟಿದ ಬ್ಯುಫೋರ್ಡ್ ಅಣೆಕಟ್ಟೆಯ ಹಿನ್ನೀರು. 1956ರಲ್ಲಿ ನೀರು ನಿಲ್ಲಿಸಲು ಆರಂಭಿಸಿದರು. ಚಟಾಹೂಚಿಯ ಮೇಲೆ ಕವಿತೆ ಬರೆದ ಸಿಡ್ನಿ ಲೇನಿಯರ್ ಹೆಸರನ್ನೇ ಜಲಾಶಯಕ್ಕೆ ಇಟ್ಟರು. ಸುಮಾರು 38,000 ಎಕರೆಯ ನೀರಹರವು. ಬೆಟ್ಟ ಕಣಿವೆಗಳ ನಾಡಾದ್ದರಿಂದ ನೀರು ಕವಲು ಕವಲಾಗಿ ಒಳನುಗ್ಗಿದೆ. ದಂಡೆಯ ಉದ್ದವೇ 690 ಮೈಲಿ ದಾಟುತ್ತದೆ. ನೋಡಿಕೊಳ್ಳುವ ಹೊಣೆ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಎಂಬ, ಅಮೆರಿಕ ಸೇನೆಯ ಎಂಜಿನಿಯರುಗಳ ದಳದ್ದು.

1,071 ಅಡಿ ಎಂದರೆ ಅಷ್ಟು ಆಳವಲ್ಲ, ಸಮುದ್ರಮಟ್ಟದಿಂದ ನೀರಿನ ಮೇಲ್ಮೈಗಿರುವ ಎತ್ತರ. ಲಿಂಗನಮಕ್ಕಿಯ 1,819 ಅಡಿಯೂ ಹೀಗೆ ಸಮುದ್ರಮಟ್ಟದಿಂದಲೇ ಎಣಿಸಿದ್ದು. ಕೆಆರ್‌ಎಸ್‌ನ 124.80 ಅಡಿ ಮಾತ್ರ ಅಣೆಕಟ್ಟೆಯ ಸ್ಥಳೀಯ ಅಳತೆ. ಹಾಗಾಗಿ ಎರಡು ಜಲಾಶಯಗಳ ಅಡಿಗಳನ್ನು ಪಕ್ಕಪಕ್ಕ ಇಟ್ಟು ಯಾವುದರಲ್ಲಿ ನೀರು ಹೆಚ್ಚಿದೆ ಎಂದು ಹೇಳಲು ಬರುವುದಿಲ್ಲ. ಲೇನಿಯರ್‌ನಲ್ಲಿ ಅತಿ ಆಳದ ಜಾಗದಲ್ಲೂ ನೀರಿರುವುದು 160 ಅಡಿಯ ಆಸುಪಾಸು.

ಇನ್ನೊಂದು ವಿಷಯ ನಮ್ಮವರಿಗೆ ವಿಚಿತ್ರವೆನಿಸಬಹುದು. ಕೆಆರ್‌ಎಸ್ 124.80 ಮುಟ್ಟಿದರೆ ಅದು ಕಂಠಮಟ್ಟ. ಬಾಗಿನ ಬಿಡುವ ಹೊತ್ತು. ಲೇನಿಯರ್ 1,071 ಮುಟ್ಟಿದಾಗ ಅದರ ಮೇಲೆ ಇನ್ನೂ 14 ಅಡಿ ಖಾಲಿ ಜಾಗ ಉಳಿದಿರುತ್ತದೆ. ಕೋಡಿ ಇರುವುದು 1,085 ಅಡಿಯಲ್ಲಿ. ನಡುವಿನ 14 ಅಡಿ ಪ್ರವಾಹದ ನೀರನ್ನು ತಾತ್ಕಾಲಿಕವಾಗಿ ಹಿಡಿದು, ಆಮೇಲೆ ನಿಧಾನವಾಗಿ ಬಿಡುವುದಕ್ಕೆಂದು ಮೀಸಲು. ಈವರೆಗಿನ ಗರಿಷ್ಠ ದಾಖಲೆ 1964ರ ಏಪ್ರಿಲ್‌ನ 1,077 ಅಡಿ ಚಿಲ್ಲರೆ. ಎಂದರೆ ಈ ಜಲಾಶಯ ಒಮ್ಮೆಯೂ ಕೋಡಿ ಬಿದ್ದಿಲ್ಲ.

ಕೆಳಗೂ ಒಂದು ಗೆರೆಯಿದೆ, 1,035 ಅಡಿ. ಅದರ ಕೆಳಗಿನದು ನಾವು ಡೆಡ್ ಸ್ಟೋರೇಜ್ ಎನ್ನುವ ನೀರು. 1,071 ಅಡಿಯಲ್ಲಿ ಜಲಾಶಯದ ಒಟ್ಟು ಸಂಗ್ರಹವನ್ನು ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು 85 ಟಿಎಂಸಿ. ಅದರಲ್ಲಿ ದಿನನಿತ್ಯದ ನಿರ್ವಹಣೆಗೆ ಸಿಗುವುದು 47 ಟಿಎಂಸಿಯಷ್ಟು. ಕೆಆರ್‌ಎಸ್‌ನ ಪೂರ್ಣ ಸಂಗ್ರಹವೇ 49.45 ಟಿಎಂಸಿ ಎಂದರೆ ಗಾತ್ರದ ಅಂದಾಜು ಸಿಗುತ್ತದೆ. ತುಂಬಿದ ಲೇನಿಯರ್‌ನಲ್ಲಿ ಮೇಲಿನ ಒಂದೇ ಒಂದು ಅಡಿ ನೀರು ಸುಮಾರು 1.65 ಟಿಎಂಸಿ. ಕೆಳಕ್ಕೆ ಹೋದಂತೆ ಹರವು ಕಿರಿದಾಗುವುದರಿಂದ ಪ್ರತಿ ಅಡಿಯಲ್ಲಿರುವ ನೀರೂ ಕಡಿಮೆ. ಆದ್ದರಿಂದಲೇ ಬರಗಾಲದಲ್ಲಿ ಮಟ್ಟ ಇಳಿಯುವ ವೇಗ ಹೆಚ್ಚುತ್ತಾ ಹೋಗುತ್ತದೆ.

ಒಂದು ಅಡಿಯ ಬೆಲೆ ಎಷ್ಟೆಂಬುದನ್ನು 2006ರ ಒಂದು ಎಡವಟ್ಟು ಜಗಜ್ಜಾಹೀರು ಮಾಡಿತು. ಅಣೆಕಟ್ಟೆಯ ಮಟ್ಟಮಾಪಕವೊಂದು ತಪ್ಪು ತೋರಿಸುತ್ತಿತ್ತು. ನೀರು ವಾಸ್ತವಕ್ಕಿಂತ ಹೆಚ್ಚುಕಡಿಮೆ ಎರಡು ಅಡಿ ಮೇಲಿದೆ ಎಂದು ಎಂಜಿನಿಯರುಗಳು ನಂಬಿದ್ದರು. ನೀರಿದೆಯಲ್ಲ ಎಂದು ಬಿಡುತ್ತಾ ಹೋದರು. ತಪ್ಪು ಗೊತ್ತಾಗುವಷ್ಟರಲ್ಲಿ 2,200 ಕೋಟಿ ಗ್ಯಾಲನ್ ನೀರು ಹೆಚ್ಚುವರಿಯಾಗಿ ಹರಿದುಹೋಗಿತ್ತು. ಸುಮಾರು 3 ಟಿಎಂಸಿ. ಮರುವರ್ಷವೇ ಭೀಕರ ಬರ ಬಂದದ್ದರಿಂದ ಆ ನೀರನ್ನು ಜಾರ್ಜಿಯಾದವರು ಬಹಳ ಕಾಲ ಮರೆಯಲಿಲ್ಲ.

ಗೇಟು ಯಾರ ಮಾತು ಕೇಳುತ್ತದೆ?

ನಮ್ಮ ಜಲಾಶಯಗಳು ಮುಂಗಾರಿನ ಮೂರು ತಿಂಗಳಲ್ಲಿ ತುಂಬಿ, ಉಳಿದ ಒಂಬತ್ತು ತಿಂಗಳು ಖರ್ಚಾಗುತ್ತವೆ. ಕೆಆರ್‌ಎಸ್ ಬೇಸಿಗೆಯಲ್ಲಿ 90 ಅಡಿಗಿಂತ ಕೆಳಕ್ಕೆ ಇಳಿಯುವುದೂ ಉಂಟು. ಜಾರ್ಜಿಯಾದಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬರುತ್ತದೆ. ಹಾಗಾಗಿ ಮಾಮೂಲಿ ವರ್ಷದಲ್ಲಿ ಲೇನಿಯರ್‌ನ ಏರಿಳಿತ ಕೆಲವೇ ಅಡಿ. ಚಳಿಗಾಲದ ಗುರಿ 1,070, ಬೇಸಿಗೆಯದು 1,071. ಚಳಿಗಾಲದ ಕೊನೆ ಮತ್ತು ವಸಂತದ ಮಳೆಗೆ ಜಾಗವಿರಲಿ ಎಂದು ಆ ಒಂದು ಅಡಿ ತಗ್ಗಿಸಿಟ್ಟಿರುತ್ತಾರೆ. ವರ್ಷದ ಯಾವ ದಿನ ಮಟ್ಟ ಎಷ್ಟಿರಬೇಕೆಂಬ ಒಂದು ನಕ್ಷೆಯೇ ಇದೆ. ಅದರ ಕೆಳಗೆ ನಾಲ್ಕು ಹಂತಗಳು. ನೀರು ಒಂದೊಂದು ಹಂತ ಇಳಿದಂತೆ ಹೊರಬಿಡುವ ಪ್ರಮಾಣಕ್ಕೆ ಕಡಿವಾಣ ಬಿಗಿಯಾಗುತ್ತದೆ. ಆದ್ದರಿಂದ ಏಪ್ರಿಲ್‌ನ 1,068ಕ್ಕೂ ನವೆಂಬರಿನ 1,068ಕ್ಕೂ ಅರ್ಥ ಬೇರೆ. ಸಂಖ್ಯೆಯ ಪಕ್ಕದಲ್ಲಿ ತಾರೀಖು ಇಲ್ಲದಿದ್ದರೆ ಅದು ಏನನ್ನೂ ಹೇಳುವುದಿಲ್ಲ.

ಹೊರಹರಿವನ್ನು ಕೇಳುವವರು ಹಲವರು. ಅಣೆಕಟ್ಟೆಯಲ್ಲಿ ಮೂರು ಟರ್ಬೈನುಗಳಿವೆ. ವಿದ್ಯುತ್ ಬೇಡಿಕೆ ಏರುವ ಹೊತ್ತಿನಲ್ಲಿ ಅವು ತಿರುಗಬೇಕು. ಅಟ್ಲಾಂಟಾ ನಗರ ದಾಟುವಾಗ ನದಿಯಲ್ಲಿ ಸಾಮಾನ್ಯವಾಗಿ 750 ಕ್ಯುಸೆಕ್ ಹರಿವು ಉಳಿದಿರಬೇಕು. ಇನ್ನೂ ಕೆಳಗೆ, ಫ್ಲಾರಿಡಾ ಗಡಿಯ ಜಿಮ್ ವುಡ್ರಫ್ ಅಣೆಕಟ್ಟೆಯಿಂದ ಸಾಧಾರಣವಾಗಿ 5,000 ಕ್ಯುಸೆಕ್ ಹೋಗಬೇಕು.

ಪೇಚು ಇರುವುದು ಇಲ್ಲಿ. ಲೇನಿಯರ್‌ಗೆ ನೀರು ಕೊಡುವ ಜಲಾನಯನ ಪ್ರದೇಶ ಇಡೀ ನದಿ ಕೊಳ್ಳದ ಶೇ 5ರ ಆಸುಪಾಸು. ಆದರೆ ಆ ಕೊಳ್ಳದ ಸೇನಾ ಜಲಾಶಯಗಳ ಬಳಕೆಯೋಗ್ಯ ಸಂಗ್ರಹದಲ್ಲಿ ಶೇ 60ಕ್ಕೂ ಹೆಚ್ಚು ಪಾಲು ಇದೊಂದರದೇ. ಹೊಟ್ಟೆ ದೊಡ್ಡದು, ತುತ್ತು ಸಣ್ಣದು. ಖಾಲಿಯಾಗುವುದು ಸುಲಭ, ತುಂಬುವುದು ನಿಧಾನ. ಕೆಳಗಿನ ಜಲಾಶಯಗಳು ಒಂದು ಒಳ್ಳೆಯ ಮಳೆಗೆ ಚೇತರಿಸಿಕೊಂಡರೂ ಲೇನಿಯರ್ ಕಾಯುತ್ತಾ ಕೂರುತ್ತದೆ.

ಪಕ್ಕದ ಅಲಬಾಮಾದಲ್ಲಿ ಟೆನೆಸಿ ನದಿಯ ಗಂಟರ್ಸ್‌ವಿಲ್ ಜಲಾಶಯವೂ ಬಾಸ್ ಮೀನಿಗೆ ಹೆಸರುವಾಸಿ. ಅಲ್ಲಿ ಮಟ್ಟ ಬೇಸಿಗೆಯ 595 ಅಡಿಯಿಂದ ಚಳಿಗಾಲದ 593ಕ್ಕೆ, ಎರಡೇ ಅಡಿ ಇಳಿಯುತ್ತದೆ. ಬಂದ ನೀರು ಬಂದಂತೆ ದಾಟಿ ಹೋಗುವ ಜಲಾಶಯವದು. ಆದ್ದರಿಂದ ಅಲ್ಲಿನ ಗಾಳದವರು ಮಟ್ಟಕ್ಕಿಂತ ಹರಿವಿನ ಸೆಳೆತವನ್ನು ನೋಡುತ್ತಾರೆ. ನೀರು ಹಿಡಿದಿಡಲೆಂದೇ ಕಟ್ಟಿದ ಲೇನಿಯರ್‌ನಲ್ಲಿ ಮಟ್ಟವೇ ಮೊದಲ ಪಾಠ.

ವಸಂತದ ಅರ್ಧ ಅಡಿ

ಲೇನಿಯರ್‌ನಲ್ಲಿ ಹೆಚ್ಚಾಗಿರುವುದು ಸ್ಪಾಟೆಡ್ ಬಾಸ್, ಜೊತೆಗೆ ಲಾರ್ಜ್‌ಮೌತ್ ಬಾಸ್. ಹಸಿರು ಮೈ, ಪಕ್ಕೆಯಲ್ಲಿ ಕಪ್ಪು ಪಟ್ಟೆ, ಹೊಂಚು ಹಾಕಿ ಎರಗುವ ಜಾತಿ. ಗಾಳಕ್ಕೆ ಸಿಕ್ಕಾಗ ಕೊಡುವ ಸೆಣಸಾಟಕ್ಕಾಗಿಯೇ ಅಮೆರಿಕನ್ನರಿಗೆ ಇದರ ಮೇಲೆ ಪ್ರೀತಿ. ಬಹುಪಾಲು ಜನ ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುತ್ತಾರೆ. ಜಾರ್ಜಿಯಾಕ್ಕೆ ಈ ವಿಷಯದಲ್ಲಿ ಹಳೆಯ ಹೆಮ್ಮೆಯೂ ಇದೆ. 1932ರಲ್ಲಿ ಜಾರ್ಜ್ ಪೆರ್ರಿ ಎಂಬಾತ ಹಿಡಿದ 22 ಪೌಂಡ್ 4 ಔನ್ಸ್ ತೂಕದ ಲಾರ್ಜ್‌ಮೌತ್ ವಿಶ್ವದಾಖಲೆಯಾದದ್ದು ಇದೇ ರಾಜ್ಯದಲ್ಲಿ. ಫಾರೆಸ್ಟ್ ವುಡ್ ಕಪ್ ಎಂಬ ದೊಡ್ಡ ಬಹುಮಾನದ ಬಾಸ್ ಪಂದ್ಯಾವಳಿ 2010 ಮತ್ತು 2012ರಲ್ಲಿ ಲೇನಿಯರ್‌ನಲ್ಲೇ ನಡೆಯಿತು.

ಈ ಮೀನಿನ ವರ್ಷ ಆರಂಭವಾಗುವುದು ವಸಂತದಲ್ಲಿ. ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ ಗಂಡು ಬಾಸ್ ಆಳ ಬಿಟ್ಟು ದಡದ ಕಡೆ ಬರುತ್ತದೆ. ಕಲ್ಲು ಮರಳು ಮಿಶ್ರಿತ ಜಾಗ ನೋಡಿ, ಬಾಲದಿಂದ ಕೆಸರು ಗುಡಿಸಿ, ತಟ್ಟೆಯಂಥ ಗುಳಿ ಮಾಡುತ್ತದೆ. ಲಾರ್ಜ್‌ಮೌತ್ ಆದರೆ ಎರಡು ಮೂರು ಅಡಿ ನೀರಿನಲ್ಲೇ. ಸ್ಪಾಟೆಡ್ ಸಾಮಾನ್ಯವಾಗಿ ಇನ್ನೂ ತುಸು ಆಳದಲ್ಲಿ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಕಾವಲೆಲ್ಲ ಗಂಡಿನದು. ರೆಕ್ಕೆಯಾಡಿಸಿ ಮೊಟ್ಟೆಯ ಮೇಲೆ ಹೂಳು ಕೂರದಂತೆ ನೋಡಿಕೊಳ್ಳುತ್ತದೆ. ಮೊಟ್ಟೆ ಕದಿಯಲು ಬಂದ ಸಣ್ಣ ಮೀನುಗಳನ್ನು ಅಟ್ಟುತ್ತದೆ. ಮರಿಯೊಡೆದ ಮೇಲೂ ಕೆಲವು ದಿನ ಅವುಗಳ ಬೆನ್ನಿಗಿರುತ್ತದೆ.

ಈ ಹೊತ್ತಿನಲ್ಲಿ ನೀರು ಇಳಿದರೆ ಏನಾಗುತ್ತದೆಂದು ಅಳೆದು ನೋಡಿ. ಇಪ್ಪತ್ತು ಅಡಿ ನಡೆದರೆ ಒಂದು ಅಡಿ ಇಳಿಯುವಂಥ ಸಣ್ಣ ಇಳಿಜಾರಿನ ದಡ. ಮಟ್ಟ ಒಂದಡಿ ತಗ್ಗಿದರೆ ನೀರಿನಂಚು ಇಪ್ಪತ್ತು ಅಡಿ ಹಿಂದೆ ಸರಿಯುತ್ತದೆ. ಎರಡು ಅಡಿ ಆಳದಲ್ಲಿದ್ದ ಗೂಡು ಈಗ ಒಂದೇ ಅಡಿಯಲ್ಲಿ. ಅಲೆ ಬಡಿಯುತ್ತದೆ, ಹೂಳು ಏಳುತ್ತದೆ, ಕೊಕ್ಕರೆಗೆ ನಿಲುಕುತ್ತದೆ. ಬಹಳ ಸಲ ಗಂಡು ಗೂಡು ತೊರೆದುಬಿಡುತ್ತದೆ. ಕಾವಲು ತಪ್ಪಿದ ಗೂಡು ಗಂಟೆಗಳಲ್ಲಿ ಖಾಲಿ. ಮಟ್ಟ ಇನ್ನಷ್ಟು ಇಳಿದರೆ ಮೊಟ್ಟೆ ಒಣ ನೆಲದಲ್ಲಿ. ಪತ್ರಿಕೆಯ ಪಟ್ಟಿಯಲ್ಲಿ ಯಾರ ಗಮನಕ್ಕೂ ಬಾರದ ಒಂದಡಿಯ ಇಳಿತ ಇಲ್ಲಿ ಒಂದು ವರ್ಷದ ಸಂತತಿಯ ಪ್ರಶ್ನೆ.

ಆದ್ದರಿಂದ ಅಣೆಕಟ್ಟೆಯ ನಿಯಮಗಳಲ್ಲೇ ಮೀನಿಗೂ ಒಂದು ಪಾಲಿದೆ. ಏಪ್ರಿಲ್ 1ರಿಂದ ಜೂನ್ 1ರವರೆಗಿನ ಮೊಟ್ಟೆ ಕಾಲದಲ್ಲಿ ನಾಲ್ಕಾರು ವಾರಗಳ ಕಾಲ ಲೇನಿಯರ್‌ನ ಮಟ್ಟವನ್ನು ಸ್ಥಿರವಾಗಿ ಅಥವಾ ಏರುವಂತೆ ಇಡಬೇಕು, ಅರ್ಧ ಅಡಿಗಿಂತ ಹೆಚ್ಚು ಇಳಿಸದಿರಲು ಯತ್ನಿಸಬೇಕು ಎಂಬುದು ಗುರಿ. ಹೇಳಿದಷ್ಟು ಸಲೀಸಲ್ಲ ಇದು. ಕೆಳಗೆ ಫ್ಲಾರಿಡಾದ ಅಪಲಾಚಿಕೋಲಾ ನದಿಯಲ್ಲಿ ಅಳಿವಿನ ಭೀತಿಯಲ್ಲಿರುವ ಜೀವಿಗಳ ಪಟ್ಟಿಗೆ ಸೇರಿರುವ ಗಲ್ಫ್ ಸ್ಟರ್ಜನ್ ಮೀನು ಮೊಟ್ಟೆ ಇಡುವುದೂ ವಸಂತದಲ್ಲೇ; ಅದಕ್ಕೆ ಬೇಕಾದದ್ದು ಮೇಲಿಂದ ಹರಿದುಬರುವ ನೀರು. ಮೇಲಿನ ಮೀನಿಗಾಗಿ ಹಿಡಿದಿಟ್ಟದ್ದನ್ನು ಕೆಳಗಿನ ಮೀನು ಕೇಳುತ್ತದೆ. 2006ರಲ್ಲಿ ಸ್ಟರ್ಜನ್‌ಗೂ ಸಿಹಿನೀರಿನ ಚಿಪ್ಪುಜೀವಿಗಳಿಗೂ ಬಿಟ್ಟ ನೀರಿನ ಮೇಲೆ ಜಾರ್ಜಿಯಾ ಕೋರ್ಟ್ ಮೆಟ್ಟಿಲೇರಿತ್ತು.

ಬೇಸಿಗೆಯ ಆಳ, ಏರುನೀರಿನ ಹಬ್ಬ

ಬೇಸಿಗೆ ಬಂತೆಂದರೆ ಲೇನಿಯರ್‌ನ ನೀರು ಪದರ ಪದರವಾಗುತ್ತದೆ. ಮೇಲೆ ಬಿಸಿ, ಕೆಳಗೆ ತಣ್ಣಗೆ. ನಡುವೆ ಉಷ್ಣತೆ ತಟ್ಟನೆ ಬದಲಾಗುವ ತೆಳುವಾದ ಪದರ. ಬೇಸಿಗೆ ಮುಂದುವರಿದಂತೆ ತಳದ ತಣ್ಣೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ. ಇಲ್ಲಿನ ಸ್ಪಾಟೆಡ್ ಬಾಸ್‌ಗೆ ಬ್ಲೂಬ್ಯಾಕ್ ಹೆರಿಂಗ್ ಎಂಬ ಬೆಳ್ಳಿ ಮೈಯ ಸಣ್ಣ ಮೀನು ಪ್ರಿಯವಾದ ಆಹಾರ. ಹೆರಿಂಗ್ ತೆರೆದ ನೀರಿನಲ್ಲಿ ಹಿಂಡು ಹಿಂಡಾಗಿ ಅಲೆಯುತ್ತದೆ. ಬಾಸ್ ಅದರ ಬೆನ್ನಟ್ಟಿ ದಡ ಬಿಟ್ಟು ದೂರದ ನೀರೊಳಗಿನ ದಿಬ್ಬಗಳಿಗೆ, ಭೂಚಾಚುಗಳ ತುದಿಗೆ ಹೋಗುತ್ತದೆ. ಗಾಳದವರು ಅಂಥಲ್ಲಿ ಬಿದಿರು, ಕೊಂಬೆ, ಹಬ್ಬ ಮುಗಿದ ಕ್ರಿಸ್‌ಮಸ್ ಮರಗಳನ್ನು ಕಲ್ಲು ಕಟ್ಟಿ ಮುಳುಗಿಸಿರುತ್ತಾರೆ. ಪೊದೆಯ ನೆರಳಲ್ಲಿ ಬಾಸ್ ತಂಗುತ್ತದೆ.

ಇಲ್ಲೂ ಮಟ್ಟದ ಲೆಕ್ಕ ಬರುತ್ತದೆ. ಜಲಾಶಯ ತುಂಬಿದ್ದಾಗ 28 ಅಡಿ ಆಳದಲ್ಲಿ ಇಟ್ಟ ಪೊದೆ, ನೀರು ಆರು ಅಡಿ ತಗ್ಗಿದ ವರ್ಷ 22 ಅಡಿಯಲ್ಲಿರುತ್ತದೆ. ಹೋದ ವರ್ಷ ಮೀನಿದ್ದ ಪೊದೆಯಲ್ಲಿ ಈ ವರ್ಷ ಏಕಿಲ್ಲ ಎಂಬುದಕ್ಕೆ ಉತ್ತರ ಎಷ್ಟೋ ಸಲ ಇಷ್ಟೇ: ಪೊದೆ ಇದ್ದಲ್ಲೇ ಇದೆ, ಮೇಲಿನ ನೀರು ಇಲ್ಲ. ಅನುಭವಿಗಳು ಆದ್ದರಿಂದ ಆಳವನ್ನು ಬರೆದಿಡುವಾಗ ಅಂದಿನ ಮಟ್ಟವನ್ನೂ ಬರೆದಿಡುತ್ತಾರೆ.

ನೀರು ಏರುವಾಗ ಆಟ ತಿರುವುಮುರುವು. ವಾರಗಟ್ಟಲೆ ಒಣಗಿದ್ದ ದಂಡೆಯಲ್ಲಿ ಹುಲ್ಲು, ಕುರುಚಲು ಬೆಳೆದಿರುತ್ತದೆ. ಅದರ ಮೇಲೆ ನೀರು ಹರಿದಾಗ ಎರೆಹುಳು, ಮಿಡತೆ, ಇರುವೆ ಎಲ್ಲ ತೇಲಿಬರುತ್ತವೆ. ಸಣ್ಣ ಮೀನುಗಳು ಅದಕ್ಕೆ ಮುಗಿಬೀಳುತ್ತವೆ, ಬಾಸ್ ಆ ಸಣ್ಣ ಮೀನುಗಳಿಗೆ. ಕರೆಯದೆಯೇ ಊರೆಲ್ಲ ಸೇರಿದ ಮದುವೆ ಊಟದಂತೆ ಎರಡು ಮೂರು ದಿನ ದಡದುದ್ದಕ್ಕೂ ಗದ್ದಲ. ಆದರೆ ಮೀನು ಹೊಸ ನೀರಿನಲ್ಲಿ ಚದುರಿಹೋಗಿರುವುದರಿಂದ ಒಂದೇ ಕಡೆ ಹಲವು ಸಿಗುವುದಿಲ್ಲ. ಇಳಿಯುವ ನೀರಿನಲ್ಲಿ ಇದರ ವಿರುದ್ಧ. ಹಿಂದೆ ಸರಿಯುವ ನೀರಿನೊಂದಿಗೆ ಸಿಕ್ಕಿಬೀಳಲು ಬಾಸ್‌ಗೆ ಇಷ್ಟವಿಲ್ಲ. ಆಳಕ್ಕೆ ಹತ್ತಿರದ ಅಂಚಿನಲ್ಲಿ, ಪೊದೆಯ ಹೊರಬದಿಯಲ್ಲಿ ಗುಂಪುಗೂಡುತ್ತದೆ.

1,050.79

2007ರ ಬರದಲ್ಲಿ ಮಟ್ಟ ಇಳಿಯುತ್ತಲೇ ಹೋಯಿತು. ಖಾಸಗಿ ದೋಣಿಕಟ್ಟೆಗಳು ಕೆಂಪು ಕೆಸರಿನ ಮೇಲೆ ಕೂತವು. ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರುಗಳು ನೀರು ಮುಟ್ಟದೆ ಒಂದೊಂದಾಗಿ ಮುಚ್ಚಿದವು. ಗೇನ್ಸ್‌ವಿಲ್ ಬಳಿ ಅರ್ಧ ಶತಮಾನದಿಂದ ಮುಳುಗಿದ್ದ ಕಾರ್ ರೇಸ್ ಮೈದಾನದ ಕಾಂಕ್ರೀಟ್ ಆಸನಗಳು ಹೊರಬಂದವು. ನವೆಂಬರ್ 13ರಂದು ರಾಜ್ಯಪಾಲ ಸೋನಿ ಪರ್ಡ್ಯೂ ಶಾಸನಸಭೆಯ ಮೆಟ್ಟಿಲ ಮೇಲೆ ಮಳೆಗಾಗಿ ಸಾಮೂಹಿಕ ಪ್ರಾರ್ಥನೆಯನ್ನೇ ನಡೆಸಿದರು. ಡಿಸೆಂಬರ್ ಕೊನೆಗೆ ಮಟ್ಟ 1,050.79 ಅಡಿ. ಪೂರ್ಣ ಮಟ್ಟಕ್ಕಿಂತ ಇಪ್ಪತ್ತು ಅಡಿ ಕೆಳಗೆ. ಜಲಾಶಯ ತುಂಬಿದಂದಿನಿಂದ ಅತಿ ಕಡಿಮೆ.

ಮತ್ತೆ 1,071 ಮುಟ್ಟಿದ್ದು 2009ರ ಅಕ್ಟೋಬರಿನಲ್ಲಿ, ಅಟ್ಲಾಂಟಾವನ್ನೇ ಮುಳುಗಿಸಿದ ಸೆಪ್ಟೆಂಬರ್ ಮಳೆಯ ಬೆನ್ನಿಗೆ. ಬರ ಮೀನಿಗೆ ಬರೀ ಕೇಡು ಎನ್ನುವಂತಿಲ್ಲ. ಒಣಗಿದ ತಳದಲ್ಲಿ ಬೆಳೆದ ಗಿಡಗಂಟಿ ಮುಳುಗಿ ಕೊಳೆತಾಗ ನೀರಿಗೆ ಪೋಷಕಾಂಶ ಸೇರುತ್ತದೆ, ಮರಿಗಳಿಗೆ ಅಡಗುದಾಣ ಸಿಗುತ್ತದೆ. ಹೀಗೆ ಮರಳಿ ತುಂಬಿದ ಹಳೆಯ ಜಲಾಶಯಗಳು ಕೆಲವು ವರ್ಷ ಹೊಸ ಜಲಾಶಯದಂತೆ ಮೀನು ಕೊಡುವುದನ್ನು ಮೀನುಗಾರಿಕೆ ತಜ್ಞರು ಹಲವೆಡೆ ಕಂಡಿದ್ದಾರೆ.

ಮನುಷ್ಯರ ಜಗಳ ಮಾತ್ರ ನೀರು ತುಂಬಿದರೂ ತಣ್ಣಗಾಗಲಿಲ್ಲ. 1990ರಲ್ಲಿ ಅಲಬಾಮಾ ಹೂಡಿದ ದಾವೆಯಿಂದ ಮೂರು ರಾಜ್ಯಗಳ ನಡುವೆ ವ್ಯಾಜ್ಯ. ಕುಡಿಯುವ ನೀರು ಕೊಡುವುದು ಲೇನಿಯರ್‌ನ ಮೂಲ ಉದ್ದೇಶವೇ ಅಲ್ಲ ಎಂದು 2009ರಲ್ಲಿ ಒಬ್ಬ ನ್ಯಾಯಾಧೀಶರು ತೀರ್ಪಿತ್ತರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಜಾರ್ಜಿಯಾ ನೀರು ಹಿಡಿದಿಟ್ಟದ್ದರಿಂದ ತನ್ನ ಕೊಲ್ಲಿಯಲ್ಲಿ ಸಿಂಪಿ ಉದ್ಯಮವೇ ನಾಶವಾಯಿತೆಂದು ಫ್ಲಾರಿಡಾ ಸುಪ್ರೀಂ ಕೋರ್ಟಿಗೆ ಹೋಯಿತು. ಹಾನಿಗೆ ಜಾರ್ಜಿಯಾವೇ ಕಾರಣವೆಂದು ಸಾಬೀತಾಗಿಲ್ಲ ಎಂದು 2021ರ ಏಪ್ರಿಲ್ 1ರಂದು ಕೋರ್ಟ್ ಒಮ್ಮತದಿಂದ ಅರ್ಜಿ ವಜಾ ಮಾಡಿತು. ಕಾವೇರಿಯ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ವಿವರಿಸಬೇಕಾದದ್ದು ಹೆಚ್ಚಿಲ್ಲ.

ಶನಿವಾರ ಬೆಳಿಗ್ಗೆ ನೋಡುವ ನಾಲ್ಕು ಸಾಲು

ಲೇನಿಯರ್‌ಗೆ ದೋಣಿ ಕಟ್ಟಿಕೊಂಡು ಹೊರಡುವವರು ನಾಲ್ಕು ವಿಷಯ ನೋಡುತ್ತಾರೆ. ಮೊದಲನೆಯದು ಇಂದಿನ ಮಟ್ಟ. ಅದು ಮುಖ್ಯವಾಗಿ ಸುರಕ್ಷತೆಗೆ: ಯಾವ ಇಳಿಜಾರಿನಲ್ಲಿ ದೋಣಿ ಇಳಿಯುತ್ತದೆ, ಯಾವ ದಿಬ್ಬಕ್ಕೆ ಪ್ರೊಪೆಲ್ಲರ್ ತಗಲುತ್ತದೆ. ಎರಡನೆಯದು ಏಳು ದಿನಗಳ ವ್ಯತ್ಯಾಸ. ಮೂರನೆಯದು ನೀರಿನ ಉಷ್ಣತೆ. ಮೀನು ಯಾವ ಋತುವಿನಲ್ಲಿದೆಯೆಂದು ಹೇಳುವುದು ಅದೇ. ನಾಲ್ಕನೆಯದು ವಿದ್ಯುತ್ ಉತ್ಪಾದನೆಯ ವೇಳಾಪಟ್ಟಿ. ಅಣೆಕಟ್ಟೆಯ ಕೆಳಗೆ ನದಿಗಿಳಿಯುವವರಿಗೆ ಇದು ಜೀವದ ಪ್ರಶ್ನೆ. ಜಲಾಶಯದ ಆಳದಿಂದ ಬರುವ ಕೊರೆಯುವ ನೀರು ಟರ್ಬೈನು ತಿರುಗಿದ ಕೆಲವೇ ನಿಮಿಷಗಳಲ್ಲಿ ನದಿಯನ್ನು ಏರಿಸುತ್ತದೆ. ಸೈರನ್ ಕೂಗಿದೊಡನೆ ದಡ ಹತ್ತಲೇಬೇಕು.

ಈ ನಾಲ್ಕರಲ್ಲಿ ಎರಡನೆಯ ಸಾಲೇ ಗಾಳ ಎಲ್ಲಿ ಬೀಳಬೇಕೆಂದು ಹೇಳುತ್ತದೆ. 1,066 ಅಡಿಯಲ್ಲಿ ವಾರಗಟ್ಟಲೆ ನಿಂತಿರುವ ನೀರು ಗಾಳದವರಿಗೆ ಒಳ್ಳೆಯ ನೀರು. ಮೀನು ತನ್ನ ಜಾಗ ಹಿಡಿದು ನೆಲೆನಿಂತಿರುತ್ತದೆ. 1,071ರಿಂದ ದಿನಕ್ಕೆ ಮೂರು ಇಂಚಿನಂತೆ ಇಳಿಯುತ್ತಿರುವ ನೀರು, ಜಲಾಶಯ ಕಣ್ಣಿಗೆ ತುಂಬಿದಂತೆ ಕಂಡರೂ, ಮೀನಿಗೆ ನೆಮ್ಮದಿಯ ನೀರಲ್ಲ. ಏರುವ ನೀರಿಗೆ ದಡ, ಇಳಿಯುವ ನೀರಿಗೆ ಅಂಚು, ನಿಂತ ನೀರಿಗೆ ನಿನ್ನೆಯ ಜಾಗ. ಮಟ್ಟಮಾಪಕ ಪ್ರತಿದಿನ ಒಂದೇ ಅಳತೆಯಷ್ಟು ತಪ್ಪು ಹೇಳಿದರೂ ಈ ಸೂತ್ರ ಕೆಲಸ ಮಾಡುತ್ತದೆ, ಏಕೆಂದರೆ ಅದಕ್ಕೆ ಬೇಕಾದದ್ದು ವ್ಯತ್ಯಾಸ ಮಾತ್ರ.